ಎರಡಾಣೆಯ ಗುರಿ: ಪಿಗ್ಮಿ ನಡೆದು ಬಂದ ದಾರಿ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಎಂದ ಮೇಲೆ ಸಹಕಾರ ಚಳವಳಿಯ ಚರಿತ್ರೆಯನ್ನು ಗದಗ ತಾಲ್ಲೂಕಿನ ಕಣಗಿನಹಾಳದಿಂದಲೇ ಆರಂಭಿಸುವುದು ವಾಡಿಕೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಹಚ್ಚಿದ ದೀಪದ ಬೆಳಕಿನಲ್ಲೇ ನಾವೆಲ್ಲ ನಡೆಯುತ್ತಿದ್ದೇವೆ, ಸಂದೇಹವಿಲ್ಲ. ಆದರೆ ನಾವಿಲ್ಲಿ ಬರೆಯಹೊರಟಿರುವುದು ಚರಿತ್ರೆಯಲ್ಲಿ ಅಷ್ಟಾಗಿ ಹೆಸರು ಬಾರದವರ ಬಗ್ಗೆ. ಸಂಜೆ ಹೊತ್ತಿಗೆ ಹೆಗಲಿಗೆ ಚೀಲ ಹಾಕ್ಕೊಂಡು "ಅಕ್ಕಾ, ಪಿಗ್ಮಿ" ಅಂತ ಬಾಗಿಲಲ್ಲಿ ನಿಲ್ಲುವವರ ಬಗ್ಗೆ. ಬರುವ ಸಾಲಿಗೆ ಅವರಿಗೆ ಎಷ್ಟು ಟಾರ್ಗೆಟ್ ಕೊಡಬೇಕು ಅನ್ನೋ ಪ್ರಶ್ನೆ ಸಂಘದ ಮುಂದಿದೆ. ಅದನ್ನು ತೀರ್ಮಾನಿಸುವ ಮುಂಚೆ, ಈ ಟಾರ್ಗೆಟ್ ಅನ್ನೋದು ಎಲ್ಲಿಂದ ಬಂತು, ಯಾವಾಗ ಒಳ್ಳೇದು ಮಾಡಿತು, ಯಾವಾಗ ಕೆಡಿಸಿತು ಅಂತ ಸದಸ್ಯ ಬಾಂಧವರು ಒಮ್ಮೆ ನೋಡುವುದು ಒಳ್ಳೆಯದು.

ಪಿಗ್ಮಿ ಸಂಗ್ರಹ ಮಾಡುವವರನ್ನು ನಾವು ಸಾಮಾನ್ಯವಾಗಿ ವಸೂಲಿಯವರು ಅಂದುಕೊಳ್ಳುತ್ತೇವೆ. ನಿಜಕ್ಕೂ ಅವರು ಮಾರಾಟಗಾರರು. ಸೋಪು ಮಾರುವವನು ಒಂದು ಸಲ ಮಾರಿದರೆ ಆಯಿತು. ಇವರು ಅದೇ ಮನೆಗೆ ಅದೇ ಸರಕನ್ನು ದಿನಾ ಮಾರಬೇಕು, ಅದೂ ಕಣ್ಣಿಗೆ ಕಾಣದ ಸರಕು. "ಇವತ್ತು ಬೇಡಪ್ಪ, ನಾಳೆ ಬಾ" ಅನ್ನಿಸಿಕೊಂಡು ನಾಳೆ ಮತ್ತೆ ನಗುನಗುತ್ತಾ ಹೋಗಬೇಕು. ಇದು ಸುಲಭದ ಕೆಲಸ ಅನ್ನುವವರು ಒಂದು ವಾರ ಚೀಲ ಹಿಡಿದು ನೋಡಲಿ.

ಈ ಪದ್ಧತಿ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ, ಘಟ್ಟದ ಕೆಳಗೆ ಉಡುಪಿಯಲ್ಲಿ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ ಈ ಮೂವರು ಸೇರಿ 'ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್' ಎಂಬ ಸಂಸ್ಥೆಯನ್ನು ಕಟ್ಟಿದರು. ಮೂಲ ಬಂಡವಾಳ ಬರೀ 8,000 ರೂಪಾಯಿ. ಕೆಲಸವಿಲ್ಲದೆ ಕಂಗಾಲಾಗಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಮನೆಮಾತಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು ಇದೇ ಸಂಸ್ಥೆ.

1928ರಲ್ಲಿ ಅವರು ಪಿಗ್ಮಿ ಠೇವಣಿ ಶುರುಮಾಡಿದರು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆಬಾಗಿಲಿಗೇ ಹೋಗಿ ಪಡೆಯುತ್ತಿದ್ದರು. ಆಣೆ ಲೆಕ್ಕ ಮರೆತ ಈಗಿನ ಹುಡುಗರಿಗಾಗಿ ಹೇಳುತ್ತೇವೆ. ರೂಪಾಯಿಗೆ 16 ಆಣೆ. ದಿನಕ್ಕೆ ಎರಡಾಣೆ ಅಂದರೆ 30 ದಿನಕ್ಕೆ 3 ರೂಪಾಯಿ 12 ಆಣೆ, ವರ್ಷಕ್ಕೆ 45 ರೂಪಾಯಿ 10 ಆಣೆ. "ವರ್ಷಕ್ಕೆ 45 ರೂಪಾಯಿ ಉಳಿಸು" ಅಂತ ಒಬ್ಬ ಕೂಲಿಯವನಿಗೆ ಆಗ ಹೇಳಿದ್ದರೆ ಅವನು ನಕ್ಕು ಎದ್ದು ಹೋಗುತ್ತಿದ್ದ. "ಇವತ್ತು ಎರಡಾಣೆ ಕೊಡು" ಅಂದರೆ ಸೊಂಟದ ಚೀಲಕ್ಕೆ ಕೈ ಹಾಕುತ್ತಿದ್ದ. ಈ ಯೋಜನೆಯ ಜಾಣತನವೆಲ್ಲ ಇರುವುದು ಇಷ್ಟರಲ್ಲೇ. ವರ್ಷದ ಗುರಿಯನ್ನು ಒಡೆದು ಒಂದು ದಿನದ ಗುರಿ ಮಾಡಿದರು, ಆ ದಿನದ ಗುರಿ ಮುಟ್ಟಿತೋ ಇಲ್ಲವೋ ಅನ್ನೋದು ಅದೇ ದಿನ ಸಂಜೆ ಪಾಸ್ ಪುಸ್ತಕದಲ್ಲಿ ಕಾಣುವ ಹಾಗೆ ಮಾಡಿದರು. ಉಳಿಸುವವನ ಗುರಿಯೂ ಸಂಗ್ರಹ ಮಾಡುವವನ ಗುರಿಯೂ ಒಂದೇ ಪುಸ್ತಕದಲ್ಲಿತ್ತು. ಒಬ್ಬ ತಪ್ಪಿದರೆ ಇನ್ನೊಬ್ಬನಿಗೆ ತಿಳಿಯುತ್ತಿತ್ತು.

ಇದಕ್ಕೆ ಒಂದೇ ವರ್ಷ ಮುಂಚೆ, 1927ರಲ್ಲಿ, ಅಮೆರಿಕದ ಮೆಂಫಿಸ್ ಪಟ್ಟಣದಲ್ಲಿ 32 ಜನ ವಿಮಾ ಏಜೆಂಟರು ಸೇರಿ 'ಮಿಲಿಯನ್ ಡಾಲರ್ ರೌಂಡ್ ಟೇಬಲ್' ಎಂಬ ಕೂಟ ಮಾಡಿಕೊಂಡಿದ್ದರು. ಹತ್ತು ಲಕ್ಷ ಡಾಲರ್ ವಿಮೆ ಮಾರಿದವರಿಗೆ ಅಲ್ಲಿ ಜಾಗ. ಕಡೂರಿನಲ್ಲೋ ಬೀರೂರಿನಲ್ಲೋ ವಿಮಾ ಏಜೆಂಟರ ಬೋರ್ಡಿನ ಮೇಲೆ 'ಎಂ.ಡಿ.ಆರ್.ಟಿ.' ಅಂತ ಬರೆದಿದ್ದರೆ ಅದು ಇದೇ. ಅಲ್ಲಿ ಹತ್ತು ಲಕ್ಷ ಡಾಲರ್, ಇಲ್ಲಿ ಎರಡಾಣೆ! ಎರಡೂ ಗುರಿಯೇ. ಆದರೆ ಅದು ಗೆದ್ದವರನ್ನು ಬೇರೆ ಕೂರಿಸುವ ಗುರಿ, ಇದು ಎಲ್ಲರನ್ನೂ ದಿನಾ ನಡೆಸುವ ಗುರಿ. ಹಳ್ಳಿಗೆ ಯಾವುದು ಹೊಂದುತ್ತದೆ ಅನ್ನೋದರಲ್ಲಿ ನಮಗಂತೂ ಅನುಮಾನವಿಲ್ಲ.

ಹಾಗಂತ ಅಮೆರಿಕದವರಿಂದ ಕಲಿಯುವುದು ಏನೂ ಇಲ್ಲ ಅಂತಲ್ಲ. ಓಹಾಯೋ ರಾಜ್ಯದ ಡೇಟನ್ ಊರಿನ ಜಾನ್ ಪ್ಯಾಟರ್ಸನ್ 1884ರಲ್ಲಿ ಗಲ್ಲಾಪೆಟ್ಟಿಗೆ ಯಂತ್ರ ಮಾಡುವ ಒಂದು ಸಣ್ಣ ಕಂಪನಿಯನ್ನು ಕೊಂಡ. ಅವನು ಪ್ರತಿ ಮಾರಾಟಗಾರನಿಗೂ ಇಂತಿಷ್ಟು ಸೀಮೆ ಅಂತ ಗೆರೆ ಹಾಕಿಕೊಟ್ಟು, ಆ ಸೀಮೆಗೆ ತಕ್ಕ ಕೋಟಾ ನಿಗದಿ ಮಾಡಿದ. ಸೀಮೆ ನೋಡದೆ ಗುರಿ ಇಡಬಾರದು ಅನ್ನೋ ಈ ಮಾತು ನಮಗೆ ಮುಂದೆ ಬೇಕಾಗುತ್ತದೆ.

ಉಡುಪಿಯಲ್ಲಿ ಹುಟ್ಟಿದ ಪಿಗ್ಮಿಯನ್ನು ನೋಡಿ ಬೇರೆ ಬ್ಯಾಂಕುಗಳೂ ಸಹಕಾರ ಸಂಘಗಳೂ ಅದೇ ದಾರಿ ಹಿಡಿದವು. ಬ್ಯಾಂಕುಗಳು ಬೆಳೆದವು, ಆದರೆ ಚೀಲ ಹಿಡಿದವರು ಕಮಿಷನ್ನಿನ ಮೇಲೇ ಉಳಿದರು. ಸಂಬಳ, ರಜೆ, ಗ್ರಾಚ್ಯುಟಿ ಯಾವುದೂ ಇಲ್ಲ. ಅವರ ವಿವಾದವನ್ನು ಸರ್ಕಾರ 1980ರಲ್ಲಿ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಒಪ್ಪಿಸಿತು. ಎಂಟು ವರ್ಷ ಕಳೆದು 1988ರಲ್ಲಿ ತೀರ್ಪು ಬಂತು. ತಿಂಗಳಿಗೆ ಕನಿಷ್ಠ 7,500 ರೂಪಾಯಿ ಸಂಗ್ರಹ ಮಾಡಿದವರಿಗೆ 750 ರೂಪಾಯಿ ಖಾತರಿ ಕೂಲಿ, ಅದಕ್ಕೆ ಮೇಲ್ಪಟ್ಟ ಸಂಗ್ರಹಕ್ಕೆ ಶೇಕಡಾ 2 ಪ್ರೋತ್ಸಾಹಧನ, ಓಡಾಟದ ಭತ್ಯೆ, ಗ್ರಾಚ್ಯುಟಿ. ಬ್ಯಾಂಕುಗಳು ಒಪ್ಪದೆ ಮೇಲಿನ ಕೋರ್ಟಿಗೆ ಹೋದವು. ಕೊನೆಗೆ 2001ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಇವರೂ ಕೆಲಸಗಾರರೇ, ಇವರ ಕಮಿಷನ್ ಅನ್ನೋದು ದುಡಿದಷ್ಟಕ್ಕೆ ಬರುವ ಕೂಲಿಯೇ ಎಂದು ಎತ್ತಿ ಹಿಡಿಯಿತು.

ಆ 7,500ರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿ. ತಿಂಗಳಲ್ಲಿ 25 ದಿನ ತಿರುಗಿದರೆ ದಿನಕ್ಕೆ 300 ರೂಪಾಯಿ. ಮನೆಗೆ 5 ರೂಪಾಯಿಯಂತೆ 60 ಮನೆ. ಗುರಿ ಅಂದರೆ ಹೀಗಿರಬೇಕು. ಒಬ್ಬ ಮನುಷ್ಯ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಮುಗಿಸಬಹುದಾದ್ದು, ಮುಗಿಸಿದರೆ ಒಲೆ ಉರಿಯುವಷ್ಟು ಕೈಗೆ ಬರುವಂಥಾದ್ದು. ಈಗ ರೂಪಾಯಿಯ ಬೆಲೆ ಬೇರೆ, ಅಂಕಿ ಬದಲಾಗಲಿ. ಕ್ರಮ ಬದಲಾಗಬೇಕಿಲ್ಲ.

ಇನ್ನು ಕೆಡಿಸಿದ ಕಥೆ. ಅಮೆರಿಕದ ವೆಲ್ಸ್ ಫಾರ್ಗೋ ಎಂಬ ದೊಡ್ಡ ಬ್ಯಾಂಕು ತನ್ನ ನೌಕರರಿಗೆ, ಒಬ್ಬೊಬ್ಬ ಗಿರಾಕಿಗೂ ಎಂಟೆಂಟು ಬಗೆಯ ಖಾತೆ-ಸೇವೆ ಮಾರಬೇಕು ಅಂತ ಗುರಿ ಇಟ್ಟಿತ್ತು. ಮೇಲಿನವರು ದಿನಾ ವಿಚಾರಿಸುತ್ತಿದ್ದರು, ಆದರೆ ವಿಚಾರಿಸಿದ್ದು ಅಂಕಿಯನ್ನು ಮಾತ್ರ. ನೌಕರರು ಗಿರಾಕಿಗಳಿಗೆ ಗೊತ್ತೇ ಇಲ್ಲದ ಹಾಗೆ ಅವರ ಹೆಸರಲ್ಲಿ ಲಕ್ಷಗಟ್ಟಲೆ ಖಾತೆ ತೆರೆದರು. 2016ರ ಸೆಪ್ಟೆಂಬರಿನಲ್ಲಿ 18 ಕೋಟಿ 50 ಲಕ್ಷ ಡಾಲರ್ ದಂಡ ಬಿತ್ತು. ಅಷ್ಟರಲ್ಲಿ ಸುಮಾರು 5,300 ನೌಕರರ ಕೆಲಸ ಹೋಗಿತ್ತು. ಗುರಿ ಇಟ್ಟವರಿಗಿಂತ ಮೊದಲು ಬೀದಿಗೆ ಬಿದ್ದವರು ಗುರಿ ಹೊತ್ತವರು.

ಅದು ದೂರದ ದೇಶ ಅಂತ ನಾವು ಸುಮ್ಮನಿರುವಂತಿಲ್ಲ. 'ಮಾರ್ಚಿ ಠೇವಣಿ' ಅನ್ನೋ ಮಾತು ಕೇಳದ ಸಹಕಾರಿ ಯಾರು? ಮಾರ್ಚಿ ಕೊನೇ ವಾರದಲ್ಲಿ ನೆಂಟರಿಷ್ಟರ ಕೈಕಾಲು ಹಿಡಿದು ಠೇವಣಿ ಇಡಿಸೋದು, ಏಪ್ರಿಲಿನಲ್ಲಿ ಅದು ವಾಪಸು ಹೋಗೋದು. ವರ್ಷಕ್ಕೊಮ್ಮೆ ಮಾತ್ರ ಲೆಕ್ಕ ಕೇಳುವ ಕಡೆ ಇದು ನಡೆಯುತ್ತದೆ. ಅದಕ್ಕಿಂತ ಕೆಟ್ಟದ್ದು, ಟಾರ್ಗೆಟ್ ಮುಟ್ಟಿಸಲು ಒಬ್ಬರ ಕಂತನ್ನು ಇನ್ನೊಬ್ಬರ ಹೆಸರಿಗೆ ಹಾಕಿ ಸರಿದೂಗಿಸೋದು. ಅಲ್ಲಿಗೆ ಗುರಿಯೂ ಹೋಯಿತು, ಬಡವನ ದುಡ್ಡೂ ಹೋಯಿತು.

ಇನ್ನು ನಮ್ಮ ಹಿರೇನಲ್ಲೂರು ಸೀಮೆಗೆ ಬರೋಣ. ನಮ್ಮದು ಬಯಲುಸೀಮೆ, ಮಳೆಯನ್ನೇ ನೆಚ್ಚಿಕೊಂಡ ಊರು. ರಾಗಿ ಒಕ್ಕಣೆ ಆದ ಮೇಲೆ, ಕೊಬ್ಬರಿ ಮಾರಿದ ಮೇಲೆ ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ. ಬೇಸಿಗೆ ಕೊನೆಯಲ್ಲಿ ಬಿತ್ತನೆ ಬೀಜ, ಗೊಬ್ಬರ, ಮಕ್ಕಳ ಸ್ಕೂಲು ಫೀಸು ಎಲ್ಲಾ ಒಟ್ಟಿಗೇ ಬಂದು ಕೂರುತ್ತವೆ. ಡೈರಿಗೆ ಹಾಲು ಹಾಕುವ ಮನೆಯಲ್ಲಿ ಬಟವಾಡೆ ದಿನ ದುಡ್ಡಿರುತ್ತೆ, ಹಿಂದಿನ ದಿನ ಇರಲ್ಲ. ಅಂಗಡಿ, ಹೋಟೆಲಿನವರಿಗೆ ಮಾತ್ರ ದಿನಾ ಗಲ್ಲಾ ತುಂಬುತ್ತೆ. ಹೀಗಿರುವಾಗ ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ಎಲ್ಲಾ ತಿಂಗಳಿಗೂ ಒಂದೇ ಟಾರ್ಗೆಟ್ ಬರೆದುಕೊಟ್ಟರೆ, ಜೂನ್ ತಿಂಗಳಲ್ಲಿ ಚೀಲ ಹಿಡಿದವರು ಯಾರ ಮನೆ ಬಾಗಿಲಲ್ಲಿ ನಿಲ್ಲಬೇಕು? ಪೇಟೆಬೀದಿಯವರಿಗೆ ಒಂದು ಗುರಿ, ಹಟ್ಟಿ-ತೋಟದ ಮನೆಗಳಿಗೆ ತಿರುಗುವವರಿಗೆ ಇನ್ನೊಂದು ಇರಲೇಬೇಕು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಗುರಿಯನ್ನು ಮೊದಲು ಮನೆಗಳಲ್ಲಿ ಎಣಿಸೋಣ, ಆಮೇಲೆ ರೂಪಾಯಿಯಲ್ಲಿ. ಸುಗ್ಗಿ ತಿಂಗಳಿಗೆ ಹೆಚ್ಚು, ಬಿತ್ತನೆ ತಿಂಗಳಿಗೆ ಕಡಿಮೆ ಅಂತ ಸಂಗ್ರಾಹಕರನ್ನೇ ಕೂರಿಸಿಕೊಂಡು ಬರೆಯೋಣ. ತಿಂಗಳಿಗೊಮ್ಮೆ ಪರಿಶೀಲನೆ ಮಾಡುವಾಗ "ಎಷ್ಟು ತಂದೆ" ಅನ್ನೋದರ ಜತೆಗೆ "ಯಾವ ಮನೆ ಬಿಟ್ಟುಹೋಯಿತು, ಯಾಕೆ" ಅಂತಲೂ ಕೇಳೋಣ. ಮಗಳ ಬಾಣಂತನಕ್ಕೆ ನಿಲ್ಲಿಸಿದವರು ಮತ್ತೆ ಬರುತ್ತಾರೆ. ರಸೀದಿ ಸಿಗಲಿಲ್ಲ ಅಂತ ನಿಲ್ಲಿಸಿದವರ ಮನೆಗೆ ನಿರ್ದೇಶಕರೇ ಅದೇ ವಾರ ಹೋಗಬೇಕು. ತಿಂಗಳಿಗೆ ಒಂದಷ್ಟು ಪಾಸ್ ಪುಸ್ತಕಗಳನ್ನು ಚೀಟಿ ಎತ್ತಿ ಆರಿಸಿ, ಮನೆಗೇ ಹೋಗಿ ಕಚೇರಿ ಲೆಡ್ಜರಿನೊಂದಿಗೆ ತಾಳೆ ನೋಡಬೇಕು. ಇದರಿಂದ ಪ್ರಾಮಾಣಿಕವಾಗಿ ದುಡಿಯುವ ಸಂಗ್ರಾಹಕರಿಗೂ ನೆಮ್ಮದಿ. ಕಮಿಷನ್ ಕುಗ್ಗುವ ತಿಂಗಳಲ್ಲಿ ಅವರಿಗೊಂದು ಕನಿಷ್ಠ ಖಾತರಿ ಇಡಲು ಸಂಘದ ಲಾಭ ಎಷ್ಟರಮಟ್ಟಿಗೆ ತಾಳುತ್ತದೆ ಅನ್ನೋ ಲೆಕ್ಕವನ್ನು ಕಾರ್ಯದರ್ಶಿಗಳು ತಯಾರಿಸಬೇಕು. ಆ ಲೆಕ್ಕವನ್ನು ಮುಂದಿನ ಮಹಾಸಭೆಯಲ್ಲಿ ಓದಿಸಬೇಕೆಂದು ಕೇಳಿದ್ದೇವೆ. ಸದಸ್ಯರು ಅವತ್ತು ತಮ್ಮ ತಮ್ಮ ಪಾಸ್ ಪುಸ್ತಕ ಜತೆಗೆ ತರಬೇಕಾಗಿ ವಿನಂತಿ.