ಥಾಣೆ, ಕಲ್ಯಾಣ್ ಭಾಗದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುತ್ತೀರಾ? ಮೊದಲು ಕಾರ್ಪೆಟ್ ಎತ್ತಿ ನೋಡಿ
ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈನ ಕನ್ನಡ ಕುಟುಂಬಗಳು ಕಾರು ಕೊಳ್ಳುವಾಗ ಊರಿನ ದಾರಿಯೂ ಲೆಕ್ಕಕ್ಕೆ ಬರುತ್ತದೆ. ಮನೆಮಂದಿ, ಲಗೇಜು ಹೇರಿಕೊಂಡು ಘಾಟಿ ಹತ್ತಬೇಕು. ಆದರೆ ಎಂಜಿನ್‌ಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಕಾರು ಮಳೆ ನೀರಿನಲ್ಲಿ ನಿಂತಿತ್ತೇ?

2019ರ ಜುಲೈನಲ್ಲಿ ಉಲ್ಹಾಸ್ ನದಿ ಉಕ್ಕಿದಾಗ ವಾಂಗಣಿ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ರೈಲೇ ನೀರಿನ ನಡುವೆ ಸಿಲುಕಿತ್ತು. ತಗ್ಗಿನಲ್ಲಿ ನಿಲ್ಲಿಸಿದ ಕಾರುಗಳ ಪಾಡು ಹೇಳಬೇಕಿಲ್ಲ. ಪಾಲಿಶ್ ಹಾಕಿದರೆ ಹೊರಗೆ ಏನೂ ಕಾಣದು. ಸೀಟ್ ಬೆಲ್ಟ್ ಪೂರ್ತಿ ಎಳೆಯಿರಿ, ತುದಿಯಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಕಾರ್ಪೆಟ್ ಅಡಿ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ತುಕ್ಕು ಹುಡುಕಿ. ಒಳಗೆ ಸುಗಂಧ ಜಾಸ್ತಿಯಿದ್ದರೆ ಅನುಮಾನ ಪಡಿ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ, ಸೀಟು ತುಂಬಿಸಿಕೊಂಡು ಏರುದಾರಿಯಲ್ಲಿ ಓಡಿಸಿ. ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಸವೆದಿದೆ ಎಂದರ್ಥ. ಜಾಕ್ ಜೊತೆ ಟೋಯಿಂಗ್ ಹುಕ್ ಇದೆಯೇ ನೋಡಿ. ಘಾಟಿಯಲ್ಲಿ ಕೆಟ್ಟು ನಿಂತರೆ ಬೇಕಾಗುವುದು ಅದೇ.

ನೋಂದಣಿ ಎಂಎಚ್-04 (ಥಾಣೆ), ಎಂಎಚ್-05 (ಕಲ್ಯಾಣ್), ಎಂಎಚ್-43 (ನವಿ ಮುಂಬೈ) ಯಾವುದಿದ್ದರೂ ಬಾಕಿ ಇ-ಚಲನ್, ಬ್ಯಾಂಕ್ ಸಾಲ ತೀರಿರಬೇಕು. 30 ದಿನದೊಳಗೆ ಹೆಸರು ವರ್ಗಾವಣೆಗೆ ಅರ್ಜಿ ಹಾಕಿ. ಮುಂದೆ ಕಾರನ್ನು ಊರಲ್ಲೇ ಇಟ್ಟುಕೊಳ್ಳುವುದಾದರೆ ಫಾರ್ಮ್ 28ರಲ್ಲಿ ಎನ್‌ಒಸಿ ಪಡೆಯಬೇಕು. 12 ತಿಂಗಳು ಮೀರಿದರೆ ಕರ್ನಾಟಕದ ನೋಂದಣಿ ಕಡ್ಡಾಯ, ಅಲ್ಲಿನ ರಸ್ತೆ ತೆರಿಗೆಯೂ ಬೇರೆ. ಚೌಕಾಸಿಗೆ ಕೂರುವ ಮುನ್ನ ಆ ಮೊತ್ತವನ್ನೂ ಕೂಡಿಸಿ.