ತಾಲೀಮು

ತಾಲೀಮು (ನಾಮಪದ): ಅಭ್ಯಾಸ, ಕಸರತ್ತು, ಪೂರ್ವಸಿದ್ಧತೆ.

ಅರಬ್ಬಿಯ ‘ತಅಲೀಮ್’ ಎಂದರೆ ಕಲಿಸುವುದು. ವಿದ್ಯೆ ಎಂಬರ್ಥದ ‘ಇಲ್ಮ್’ ಇದರ ಒಡಹುಟ್ಟು. ಉರ್ದುವಿನಲ್ಲಿ ಇದು ಇಂದಿಗೂ ಓದು–ಬರಹದ ಶಿಕ್ಷಣವೇ. ದಖ್ಖನಿನ ನೆಲದಲ್ಲಿ ಪದ ಮೈಗೆ ಮಣ್ಣು ಹಚ್ಚಿಕೊಂಡಿತು. ಹೈದರಾಬಾದಿನ ಹಳೇ ಊರಿನಲ್ಲಿ, ಕೊಲ್ಹಾಪುರದಲ್ಲಿ ಕುಸ್ತಿಯ ಅಖಾಡಕ್ಕೇ ತಾಲೀಮ್ ಎನ್ನುತ್ತಾರೆ. ಕೆಮ್ಮಣ್ಣು, ಗದೆ, ದಂಡ, ಬಸ್ಕಿ, ಪಟ್ಟು ತಿದ್ದುವ ಉಸ್ತಾದ್: ಇವೆಲ್ಲ ಸೇರಿ ತಾಲೀಮು. ಆ ಉಸ್ತಾದನೇ ನಮ್ಮ ಗರಡಿಯಲ್ಲಿ ‘ವಸ್ತಾದ’ನಾದ.

ಕನ್ನಡದಲ್ಲಿ ಅರ್ಥ ಇನ್ನಷ್ಟು ಹಿಗ್ಗಿತು: ನಾಟಕದ ತಾಲೀಮು, ಮೈಸೂರು ದಸರೆಗೆ ಮುಂಚೆ ಮರಳಿನ ಮೂಟೆ ಹೊತ್ತು ನಡೆಯುವ ಆನೆಗಳ ತಾಲೀಮು.

ಈ ಪದವನ್ನು ಆಟದ ಲೋಕಕ್ಕೂ ಒಯ್ಯಬಹುದು. 1974ರಲ್ಲಿ ಬಂದ, ಆಟಗಾರರು ಪಾತ್ರ ವಹಿಸಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಯೋಧ, ಮಾಂತ್ರಿಕ ಮುಂತಾದ ಪಾತ್ರವರ್ಗಗಳಿವೆ. ಆಟಗಾರರು ತಾವೇ ನಿಯಮ ಕಟ್ಟಿ ಹೊಸ ಬಗೆಯ ಯೋಧರನ್ನು ರೂಪಿಸುವುದೂ ಉಂಟು. ಇಂಥ ಸ್ವಂತ ರಚನೆಗೆ ‘ಹೋಂಬ್ರೂ’ ಎಂಬ ಹೆಸರಿದೆ. ಮಂತ್ರದ ಹಂಗಿಲ್ಲದೆ ಗದೆ, ಪಟ್ಟು, ದಮ್ಮಿನಿಂದಲೇ ಗೆಲ್ಲುವ ಪಾತ್ರವೊಂದನ್ನು ಹೈದರಾಬಾದಿನ ಕನ್ನಡದ ಹುಡುಗರು ಕಟ್ಟುವುದಾದರೆ, ‘ತಾಲೀಮುಗಾರ’ ಎಂದು ಧಾರಾಳವಾಗಿ ಕರೆಯಬಹುದು. ಪದಕ್ಕೆ ಆ ಕಸುವಿದೆ.