ಜಪಾನಿನ ರಾಮಾಯಣದ ಎರಡು ಸೀಡಿ

ಮೈಸೂರಿನ ರಾಮಕೃಷ್ಣನಗರದಲ್ಲಿ ನನಗೆ ಪರಿಚಯದ ನಾಲ್ಕು ಹುಡುಗರು ಒಂದು ರೂಮು ಮಾಡಿಕೊಂಡಿದ್ದಾರೆ. ಎಲ್ಲರೂ ಹಳ್ಳಿ ಕಡೆಯವರೇ, ಓದೋಕೆ ಬಂದವರು. ಸುದ್ದಿಗೆ ಅಂತ ಮೈಸೂರಿಗೆ ಹೋದಾಗ ಬಸ್ಸು ತಪ್ಪಿದರೆ ಅಲ್ಲೇ ಉಳಿಯುತ್ತೇನೆ. ಈ ನಾಲ್ವರಿಗೂ ಅನಿಮೆ ಹುಚ್ಚು. ಅನಿಮೆ ಅಂದರೆ ಜಪಾನಿನವರು ಮಾಡುವ ಕಾರ್ಟೂನ್ ಸಿನಿಮಾ, ಧಾರಾವಾಹಿ. ನಮ್ಮಲ್ಲಿ ಕಾರ್ಟೂನ್ ಅಂದರೆ ಮಕ್ಕಳದ್ದು ಅಂತ ಲೆಕ್ಕ. ಅಲ್ಲಿ ದೊಡ್ಡವರೂ ಟಿಕೆಟ್ ತಗೊಂಡು ನೋಡುತ್ತಾರೆ.

ಹೋದ ಸಲ ನಾನು ಹೋದಾಗ ರಾತ್ರಿ ಹನ್ನೊಂದಾದರೂ ಜಗಳ ನಿಂತಿರಲಿಲ್ಲ. ವಿಷಯ ಇಷ್ಟೇ. ಒಂದು ಹಳೇ ಅನಿಮೆ ಸಿನಿಮಾವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು ಅಂದರೆ ಯಾವ ಪ್ರತಿ ಇಟ್ಟುಕೊಳ್ಳಬೇಕು? ಹಳೇ ಡಿವಿಡಿಯೋ, ಹೊಸದಾಗಿ ತೊಳೆದು ಬೆಳಗಿಸಿದ 4ಕೆ ಪ್ರತಿಯೋ? ಒಬ್ಬ ಹೇಳುತ್ತಾನೆ, ಹೊಸದರಲ್ಲಿ ಬಣ್ಣ ಚೆನ್ನಾಗಿದೆ. ಇನ್ನೊಬ್ಬ, ಆದರೆ ದನಿ ಬದಲಾಗಿದೆಯಲ್ಲೋ, ಹಳೇ ರಾಮನ ದನಿ ಎಲ್ಲಿ ಹೋಯ್ತು ಅಂತಾನೆ.

ರಾಮ ಅಂದ ತಕ್ಷಣ ನನ್ನ ಕಿವಿ ನೆಟ್ಟಗಾಯಿತು. ಯಾಕೆಂದರೆ ಆ ಸಿನಿಮಾದ ಎರಡು ಸೀಡಿ ನಮ್ಮೂರಿನ ಮನೆಯ ಅಟ್ಟದ ಮೇಲಿದೆ.

ಅದೊಂದು ಜಪಾನಿನ ರಾಮಾಯಣ. ಇಂಗ್ಲಿಷಿನಲ್ಲಿ ಹೆಸರು ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’. ಇದರ ಹಿಂದಿದ್ದ ಮನುಷ್ಯ ಯುಗೋ ಸಾಕೋ. ಸಾಕ್ಷ್ಯಚಿತ್ರ ಮಾಡುತ್ತಿದ್ದವರು. 1983ರಲ್ಲಿ ಅಲಹಾಬಾದಿನ ಹತ್ತಿರ ಪುರಾತತ್ವ ತಜ್ಞ ಬಿ.ಬಿ. ಲಾಲ್ ನಡೆಸುತ್ತಿದ್ದ ಉತ್ಖನನದ ಮೇಲೆ ಸಾಕ್ಷ್ಯಚಿತ್ರ ತೆಗೆಯೋಕೆ ಭಾರತಕ್ಕೆ ಬಂದರು. ಹಾಗೆ ಬಂದವರಿಗೆ ರಾಮಾಯಣ ಹಿಡಿಸಿಬಿಟ್ಟಿತು. ಜಪಾನಿ ಭಾಷೆಯಲ್ಲಿ ಸಿಕ್ಕ ಹಲವು ರಾಮಾಯಣಗಳನ್ನು ಓದಿಕೊಂಡರು. ಮನುಷ್ಯರು ವೇಷ ಹಾಕಿ ನಟಿಸಿದರೆ ದೇವರ ಕಥೆ ಹೊಂದುವುದಿಲ್ಲ, ಚಿತ್ರ ಬರೆದೇ ತೋರಿಸಬೇಕು ಅನ್ನೋದು ಅವರ ಲೆಕ್ಕ.

ನಮ್ಮ ಸರಕಾರ ಕೈ ಜೋಡಿಸಲಿಲ್ಲ. ರಾಮಾಯಣ ಸೂಕ್ಷ್ಮ ವಿಷಯ, ಅದನ್ನು ಕಾರ್ಟೂನ್ ಮಾಡೋದು ಬೇಡ ಅಂತ. ಕೊನೆಗೆ ಕೆಲಸ ಜಪಾನಿನಲ್ಲೇ ನಡೆಯಿತು. ಸುಮಾರು 450 ಕಲಾವಿದರು ದುಡಿದರು. ಕಂಪ್ಯೂಟರ್ ಚಿತ್ರ ಅಲ್ಲ, ಪಾರದರ್ಶಕ ಹಾಳೆಗಳ ಮೇಲೆ ಕೈಯಲ್ಲಿ ಬರೆದು, ಬಣ್ಣ ತುಂಬಿ, ಒಂದೊಂದನ್ನೂ ಕ್ಯಾಮೆರಾ ಕೆಳಗಿಟ್ಟು ತೆಗೆದದ್ದು. ಜಪಾನಿನ ಕೊಯಿಚಿ ಸಾಸಾಕಿ ಜೊತೆಗೆ ನಮ್ಮ ರಾಮ್ ಮೋಹನ್ ಕೂಡ ನಿರ್ದೇಶಕರು. ರಾಮ್ ಮೋಹನ್ ಯಾರು ಅಂತೀರಾ? ಯುನಿಸೆಫ್‌ನವರ ‘ಮೀನಾ’ ಕಾರ್ಟೂನ್ ನೆನಪಿದೆಯಾ, ಗಿಳಿ ಇಟ್ಟುಕೊಂಡ ಹುಡುಗಿ? ಅದಕ್ಕೆ ದುಡಿದವರು ಇವರೇ.

ಸಿನಿಮಾ ತಯಾರಾಗಿ 1993ರ ಜನವರಿಯಲ್ಲಿ ದೆಹಲಿಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ಬಂತು. ಅದಕ್ಕೆ ಒಂದು ತಿಂಗಳ ಹಿಂದೆ, 1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಕೆಡವಲಾಗಿತ್ತು. ದೇಶ ಹೊತ್ತಿ ಉರಿಯುತ್ತಿತ್ತು. ರಾಮನ ಹೆಸರಿನ ಸಿನಿಮಾಕ್ಕೆ ಅದಕ್ಕಿಂತ ಕೆಟ್ಟ ಗಳಿಗೆ ಬೇರೆ ಇರಲಿಲ್ಲ. ಥಿಯೇಟರಿನಲ್ಲಿ ಸರಿಯಾಗಿ ಬಿಡುಗಡೆ ಆಗಲೇ ಇಲ್ಲ.

ಥಿಯೇಟರ್ ಸಿಗದ ಸಿನಿಮಾ ಮನೆಗಳಲ್ಲಿ ಬದುಕಿತು. ಕಾರ್ಟೂನ್ ಚಾನೆಲ್ಲಿನಲ್ಲಿ ಹಬ್ಬಕ್ಕೊಮ್ಮೆ ಹಾಕುತ್ತಿದ್ದರು. ಟಿವಿಯಿಂದ ಇಳಿಸಿಕೊಂಡವರು ಸೀಡಿ ಮಾಡಿದರು, ಸೀಡಿಯಿಂದ ಸೀಡಿಗೆ ಹೋಯಿತು. ಇದು ಕಾನೂನಿನ ದಾರಿ ಅಲ್ಲ, ಗೊತ್ತು. ಆದರೆ ನಮ್ಮೂರಿಗೆ ಬಂದದ್ದು ಆ ದಾರಿಯಲ್ಲೇ. ಪರದೆಯ ಮೂಲೆಯಲ್ಲಿ ಚಾನೆಲ್ಲಿನ ಗುರುತು ಹಾಗೇ ಇತ್ತು.

ನಮ್ಮೂರು ನಂಜನಗೂಡು ತಾಲ್ಲೂಕಿನ ಹಳ್ಳಿ. 2004ರ ಗಣೇಶನ ಹಬ್ಬ. ಆಗ ಹಬ್ಬಕ್ಕೆ ‘ವಿಡಿಯೋ ಹಾಕಿಸೋದು’ ಅಂತ ಒಂದು ಪದ್ಧತಿ ಇತ್ತು, ನಿಮ್ಮೂರಲ್ಲೂ ಇದ್ದೇ ಇರುತ್ತದೆ. ಹುಡುಗರು ಚಂದಾ ಎತ್ತಿ, ಪೇಟೆಯಿಂದ ಒಂದು ಕಲರ್ ಟಿವಿ, ಒಂದು ಪ್ಲೇಯರು ಬಾಡಿಗೆಗೆ ತಂದು ಪೆಂಡಾಲಿನ ಮುಂದೆ ಬೆಂಚಿನ ಮೇಲೆ ಇಡೋದು. ನಮ್ಮಣ್ಣಂದಿರ ಕಾಲದಲ್ಲಿ ಅದು ದಪ್ಪ ಕ್ಯಾಸೆಟ್ಟಿನ ವಿಸಿಪಿ, ನಮ್ಮ ಕಾಲಕ್ಕೆ ಸೀಡಿ. ರಾತ್ರಿಗೆ ಮೂರು ಸಿನಿಮಾ. ಮೊದಲು ರಾಜಕುಮಾರ್‌ದು, ಆಮೇಲೆ ಹೊಡೆದಾಟದ್ದು, ಬೆಳಗಿನ ಜಾವಕ್ಕೆ ಎದ್ದಿರುವವರಿಗೆ ಯಾವುದಾದರೂ ಒಂದು. ಆ ವರ್ಷ ಸೀಡಿ ತಂದವನು ಕವರಿನ ಮೇಲೆ ರಾಮನ ಚಿತ್ರ ನೋಡಿ, ಹಬ್ಬಕ್ಕೆ ಸರಿಹೋಗುತ್ತೆ ಅಂತ ಇದನ್ನೂ ಹಾಕಿಸಿಕೊಂಡು ಬಂದಿದ್ದ. ಅವನಿಗೂ ಅದು ಕಾರ್ಟೂನ್ ಅಂತ ಗೊತ್ತಿರಲಿಲ್ಲ, ಹಿಂದಿ ಅಂತಲೂ ಗೊತ್ತಿರಲಿಲ್ಲ.

ಸಿನಿಮಾ ಎರಡು ಕಾಲು ಗಂಟೆ. ಒಂದು ವಿಸಿಡಿಯಲ್ಲಿ ಹಿಡಿಯೋದು ಒಂದು ಕಾಲು ಗಂಟೆ ಚಿಲ್ಲರೆ. ಅದಕ್ಕೇ ಎರಡು ಸೀಡಿ.

ಹಿಂದಿ ಅಂತ ಗೊತ್ತಾದ ಮೇಲೆ ಅರ್ಧ ಜನ ಎದ್ದರು. ನಮ್ಮಜ್ಜಿ ಏಳಲಿಲ್ಲ. ಮುಂದಿನ ಸಾಲಿನಲ್ಲಿ ಗೋಣಿಚೀಲ ಹಾಸಿಕೊಂಡು ಕೂತಿದ್ದಳು. ನಾನು ಎಂಟನೇ ಕ್ಲಾಸು, ಹಿಂದಿಯಲ್ಲಿ ಪಾಸಾಗಿದ್ದೆ ಅನ್ನೋ ಒಂದೇ ಅರ್ಹತೆ. ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. “ಏನಂತಾವ್ನ್ಲಾ ಅವ್ನು?” ಒಂದೊಂದು ಮಾತಿಗೂ ಇದೇ. ನಾನು ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ್ದಕ್ಕೆ ಕೈಯಿಂದ ಸೇರಿಸಿದೆ. ಸ್ವಲ್ಪ ಹೊತ್ತಿಗೆ ಸಿಕ್ಕಿಬಿದ್ದೆ. ಕಥೆ ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹರಿಕಥೆ ಕೇಳಿ, ತೊರವೆ ರಾಮಾಯಣ ಓದಿಸಿದ್ದನ್ನು ಕೇಳಿ ಬೆಳೆದವಳು, ಅಕ್ಷರ ಬಾರದವಳು. ಜಟಾಯು ಬೀಳೋ ಹೊತ್ತಿಗೆ ನನ್ನ ಬಾಯಿ ಮುಚ್ಚಿಸಿ ತಾನೇ ಶುರು ಮಾಡಿದಳು. ಟಿವಿಯಲ್ಲಿ ತುಟಿ ಅಲ್ಲಾಡುತ್ತಿತ್ತು, ಮಾತು ಅಜ್ಜಿಯದು. ಎದ್ದು ಹೋದವರು ವಾಪಸ್ಸು ಬಂದು ಕೂತರು. ಎರಡನೇ ಸೀಡಿ ಹನುಮಂತ ಸಮುದ್ರ ಹಾರೋ ಹೊತ್ತಿಗೆ ಶುರುವಾಗುತ್ತೆ. ಕುಂಭಕರ್ಣ ಎದ್ದು ನಿಂತಾಗ ಬೀದಿಯ ಮಕ್ಕಳೆಲ್ಲ ಹಿಂದಕ್ಕೆ ಸರಿದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಜ್ಜಿ ಕುಂಭಕರ್ಣನಿಗೆ ಬೇರೆ ದನಿಯನ್ನೇ ಇಟ್ಟಿದ್ದಳು.

ಆ ಸೀಡಿಯಲ್ಲಿ ನಾವು ಕೇಳಿಸಿಕೊಳ್ಳದೆ ಬಿಟ್ಟ ದನಿಗಳು ಯಾರವು ಅಂತ ನನಗೆ ಬಹಳ ವರ್ಷ ಆದಮೇಲೆ ತಿಳಿಯಿತು. ರಾಮನಿಗೆ ಅರುಣ್ ಗೋವಿಲ್, ದೂರದರ್ಶನದ ರಾಮಾಯಣದ ಅದೇ ರಾಮ. ರಾವಣನಿಗೆ ಅಮರೀಶ್ ಪುರಿ. ಕಥೆ ಹೇಳುವವರು ಶತ್ರುಘ್ನ ಸಿನ್ಹಾ. ಸಂಗೀತ ವನರಾಜ್ ಭಾಟಿಯಾ ಅವರದು.

ರೂಮಿನ ಹುಡುಗರ ಜಗಳ ಇದೇ ದನಿಯದ್ದು. ಹಳೇ ಫಿಲ್ಮನ್ನು ಮತ್ತೆ ತೊಳೆದು 4ಕೆ ಮಾಡಿ, 2025ರ ಜನವರಿ 24ಕ್ಕೆ ನಮ್ಮ ದೇಶದ ಥಿಯೇಟರುಗಳಲ್ಲಿ ಬಿಡುಗಡೆ ಮಾಡಿದರು. ಮೂವತ್ತೆರಡು ವರ್ಷ ಆದಮೇಲೆ. ಯುಗೋ ಸಾಕೋ ಅದನ್ನು ನೋಡಲಿಲ್ಲ, 2012ರಲ್ಲೇ ತೀರಿಕೊಂಡಿದ್ದರು. ಹಿಂದಿ ಪ್ರತಿಗೆ ಹೊಸಬರಿಂದ ಮತ್ತೆ ದನಿ ಕೊಡಿಸಿದ್ದರು. ಅಮರೀಶ್ ಪುರಿಯ ರಾವಣ ಇರಲಿಲ್ಲ. ಚಿಕ್ಕಂದಿನಿಂದ ಅದೇ ದನಿ ಕೇಳಿದ ಅಭಿಮಾನಿಗಳಿಗೆ ಇದು ಹಿಡಿಸಲಿಲ್ಲ. ಚಿತ್ರ ಹೊಸದು, ದನಿ ಹಳೇದು, ಎರಡನ್ನೂ ಸೇರಿಸಿ ಒಂದು ಡಿಸ್ಕು ಕೊಡಿ ಅನ್ನೋದು ಅವರ ಆಸೆ.

ಅದು ಆಗದ ಮಾತೇನಲ್ಲ. ಹುಡುಗರಲ್ಲೊಬ್ಬ ನನಗೆ ಇದನ್ನು ಬಿಡಿಸಿ ಹೇಳಿದ. ಒಂದು ಡಿವಿಡಿಯಲ್ಲಿ ಚಿತ್ರ ಒಂದೇ ಇದ್ದರೂ ದನಿಯ ಸಾಲು ಎಂಟರವರೆಗೆ ಇಡಬಹುದು, ಕೆಳಗೆ ಬರುವ ಅಕ್ಷರ 32 ಭಾಷೆಯವರೆಗೆ. ರಿಮೋಟಿನಲ್ಲಿ ಆಡಿಯೋ ಬಟನ್ ಒತ್ತಿದರೆ ರಾಮ ಹಿಂದಿ ಬಿಟ್ಟು ತಮಿಳು ಮಾತಾಡುತ್ತಾನೆ. ಅಷ್ಟೇ ಏಕೆ, ನಮ್ಮ ಬಡ ವಿಸಿಡಿಯಲ್ಲೂ ಎಡ ಸ್ಪೀಕರಿಗೊಂದು ಬಲ ಸ್ಪೀಕರಿಗೊಂದು ಅಂತ ಎರಡು ಭಾಷೆ ಇಡಬಹುದಿತ್ತು. ಹಾಂಗ್‌ಕಾಂಗ್ ಕಡೆ ಹಾಗೆ ಮಾಡುತ್ತಿದ್ದರಂತೆ. ಜಪಾನಿನಿಂದ ಡಿವಿಡಿ ತರಿಸಿದರೆ ಇನ್ನೊಂದು ತೊಂದರೆ. ಅಲ್ಲಿನ ಡಿಸ್ಕಿಗೆ ವಲಯ 2, ನಮ್ಮ ದೇಶದ್ದು ವಲಯ 5. ಬೀಗ ಒಂದು, ಬೀಗದಕೈ ಇನ್ನೊಂದು. ನಮ್ಮ ಪ್ಲೇಯರು ಓಡಿಸೋದೇ ಇಲ್ಲ ಅಂತ ಹಟ ಹಿಡಿಯುತ್ತೆ.

ಇಷ್ಟು ಹೇಳುವಾಗ ನನಗೆ ಹೊಳೆದದ್ದು ಬೇರೆ. ಹಾಗಾದರೆ ಆ ಎಂಟರಲ್ಲಿ ಕನ್ನಡ ಯಾಕಿಲ್ಲ? 2025ರಲ್ಲಿ ಆ ಸಿನಿಮಾ ಹಿಂದಿ, ತಮಿಳು, ತೆಲುಗು, ಇಂಗ್ಲಿಷಿನಲ್ಲಿ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ‘ಡೀಮನ್ ಸ್ಲೇಯರ್’ ಅನ್ನೋ ಅನಿಮೆಯೂ ಜಪಾನಿ, ಇಂಗ್ಲಿಷ್ ಜೊತೆಗೆ ಹಿಂದಿ, ತಮಿಳು, ತೆಲುಗು ಅಷ್ಟೇ. ರೂಮಿನ ನಾಲ್ವರಲ್ಲಿ ಇಬ್ಬರು ತೆಲುಗಿನಲ್ಲಿ, ಒಬ್ಬ ತಮಿಳಿನಲ್ಲಿ ನೋಡುತ್ತಾನೆ. ಇನ್ನೊಬ್ಬ ಇಂಗ್ಲಿಷ್ ಅಕ್ಷರ ಓದಿಕೊಂಡು.

ಇದಕ್ಕೆ ಕಾರಣ ಜಪಾನಿನಲ್ಲಿಲ್ಲ, ನಮ್ಮ ಮನೆಯಲ್ಲೇ ಇದೆ. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಚಿಕ್ಕದು. ತಮಿಳು ತೆಲುಗು ಸಿನಿಮಾಗಳನ್ನು ಕನ್ನಡಕ್ಕೆ ಡಬ್ ಮಾಡಿ ತಂದರೆ ಇಲ್ಲಿ ಸಿನಿಮಾ ಮಾಡುವವರಿಗೆ ಕೆಲಸವೇ ಇರುವುದಿಲ್ಲ ಅಂತ ಹೋರಾಟ ಆಯಿತು. ಅ.ನ.ಕೃ. ಅಂಥವರು ಮುಂದೆ ನಿಂತರು, ರಾಜಕುಮಾರ್ ಜೊತೆಯಾದರು. ಡಬ್ಬಿಂಗ್ ನಿಂತಿತು. ಕಾನೂನಿನಿಂದಲ್ಲ, ಕಟ್ಟುಪಾಡಿನಿಂದ. ಆ ಕಾಲಕ್ಕೆ ಅದು ಸರಿಯಾಗೇ ಇತ್ತು ಅನ್ನೋದು ನನ್ನ ಅಭಿಪ್ರಾಯ. ಆ ಹೋರಾಟ ಇಲ್ಲದಿದ್ದರೆ ಹಬ್ಬದ ರಾತ್ರಿ ಮೊದಲ ಸಿನಿಮಾ ರಾಜಕುಮಾರ್‌ದು ಇರುತ್ತಿತ್ತೋ ಇಲ್ಲವೋ.

ಆದರೆ ಕಟ್ಟುಪಾಡು ಐವತ್ತು ವರ್ಷ ನಡೆಯಿತು. 1990ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಮೋಗ್ಲಿಯ ‘ಜಂಗಲ್ ಬುಕ್’ ಬರುತ್ತಿತ್ತಲ್ಲ, ಅದೂ ಜಪಾನಿನದ್ದೇ. ನಾವು ಹಾಡು ಬಾಯಿಪಾಠ ಮಾಡಿದೆವು, ಅರ್ಥ ಯಾರಿಗೂ ಗೊತ್ತಿರಲಿಲ್ಲ. 2009ರಲ್ಲಿ ಚಿಂಟು ಟಿವಿ ಬಂದಾಗ ಕಾರ್ಟೂನುಗಳು ಕನ್ನಡದಲ್ಲಿ ಮಾತಾಡಿದವು, ಮಕ್ಕಳದ್ದು ಅಂತ ಅದಕ್ಕೆ ದೊಡ್ಡ ತಕರಾರು ಬರಲಿಲ್ಲ. ದೊಡ್ಡವರ ವಿಷಯ ಬಂದಾಗ ಹಾಗಿರಲಿಲ್ಲ. 2012ರಲ್ಲಿ ಆಮೀರ್ ಖಾನ್ ಅವರ ‘ಸತ್ಯಮೇವ ಜಯತೇ’ ಸುತ್ತಮುತ್ತಲ ಭಾಷೆಗಳಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಅದೇ ವರ್ಷ ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2015ರ ಜುಲೈನಲ್ಲಿ ಆಯೋಗ, ಡಬ್ಬಿಂಗ್ ತಡೆಯೋದು ತಪ್ಪು ಅಂತ ತೀರ್ಪು ಕೊಟ್ಟು ದಂಡವನ್ನೂ ಹಾಕಿತು. 2017ರ ಮಾರ್ಚಿನಲ್ಲಿ ತಮಿಳಿನಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ತೆರೆಗೆ ಬಂತು. ಲಾಕ್‌ಡೌನ್ ಹೊತ್ತಿನಲ್ಲಿ, 2020ರ ಮೇ ತಿಂಗಳಲ್ಲಿ, ಸ್ಟಾರ್ ಸುವರ್ಣದಲ್ಲಿ ಡಬ್ಬಿಂಗ್ ಮಹಾಭಾರತ ಬಂದಾಗ ನಮ್ಮೂರಿನಲ್ಲಿ ಅದರ ಹೊತ್ತಿಗೆ ಬೀದಿ ಖಾಲಿ.

ಅಂದರೆ ಬಾಗಿಲು ತೆಗೆದು ಹತ್ತು ವರ್ಷ ಆಯಿತು. ‘ಅವತಾರ್’ ಎರಡನೇ ಭಾಗ ಕನ್ನಡದಲ್ಲಿ ಬಂತು, ಕಾರ್ಟೂನ್ ಸ್ಪೈಡರ್‌ಮ್ಯಾನ್ 2023ರಲ್ಲಿ ಕನ್ನಡದಲ್ಲಿ ಮಾತಾಡಿದ. 2025ರ ಜುಲೈನಲ್ಲಿ ‘ಮಹಾವತಾರ್ ನರಸಿಂಹ’ ಕನ್ನಡದಲ್ಲೂ ಬಂತು, ನಮ್ಮ ಹೊಂಬಾಳೆಯವರೇ ಅರ್ಪಿಸಿದ್ದು. ಆದರೂ ಆ ಎರಡು ಅನಿಮೆ ತಂದವರ ಪಟ್ಟಿಯಲ್ಲಿ ಮಾತ್ರ ಕನ್ನಡ ಇರಲಿಲ್ಲ. ಐವತ್ತು ವರ್ಷ ಬೇಡ ಅಂದವರ ಮನೆಗೆ ಕರೆಯೋಲೆ ಕೊಡೋದನ್ನೇ ಮರೆತರು ಅಂತ ಕಾಣುತ್ತೆ. ನಾವೂ ಕೇಳಲಿಲ್ಲ. ತೆಲುಗಿನಲ್ಲಿ ಅರ್ಥ ಆಗುತ್ತಲ್ಲ ಬಿಡಿ ಅಂತ ರೂಮಿನ ಹುಡುಗನೇ ನನಗೆ ಹೇಳಿದ.

ದನಿ ಕೊಡುವವರು ಇಲ್ಲ ಅಂತಲೂ ಅನ್ನೋ ಹಾಗಿಲ್ಲ. ಆ ರೂಮಿರುವ ರಾಮಕೃಷ್ಣನಗರದಲ್ಲೇ ಮಂಡ್ಯ ರಮೇಶ್ ಅವರ ‘ನಟನ’ ರಂಗಶಾಲೆ ಇದೆ, ರಮಾಗೋವಿಂದ ರಂಗಮಂದಿರ ಇದೆ. ಕಂಠ ಪಳಗಿದ ಹುಡುಗ ಹುಡುಗಿಯರು ದಿನಾ ಸಂಜೆ ಅಲ್ಲಿ ಓಡಾಡುತ್ತಾರೆ. ‘ಶ್ರೀ ರಾಮಾಯಣ ದರ್ಶನಂ’ ಬರೆದ ಕುವೆಂಪು ಬಾಳಿದ ಊರು ಇದೇ ಮೈಸೂರು. ಇಲ್ಲಿ ರಾವಣನಿಗೊಂದು ದನಿ ಸಿಗೋದಿಲ್ಲವಾ?

ಹೋದ ತಿಂಗಳು ಊರಿಗೆ ಹೋದಾಗ ಅಟ್ಟದಿಂದ ಆ ಸೀಡಿಗಳನ್ನು ಇಳಿಸಿ ರೂಮಿಗೆ ತಂದೆ. ಹುಡುಗರ ಯಾವ ಲ್ಯಾಪ್‌ಟಾಪಿನಲ್ಲೂ ಸೀಡಿ ಹಾಕುವ ಜಾಗವೇ ಇಲ್ಲ. ಪಕ್ಕದ ಬೀದಿಯಿಂದ ಹೊರಗೆ ಸಿಕ್ಕಿಸುವ ಡ್ರೈವ್ ಒಂದನ್ನು ಕಡ ತಂದರು. ಮೊದಲ ಸೀಡಿ ಹಾಕಿದರೆ ಗರ್ ಗರ್ ಅಂತ ತಿರುಗಿ ನಿಂತುಹೋಯಿತು. ಬಟ್ಟೆಯಿಂದ ಒರೆಸಿದೆವು, ನೀರಲ್ಲಿ ತೊಳೆದೆವು, ಇಲ್ಲ. ಎರಡನೆಯದು ಓಡಿತು. ಸಮುದ್ರ, ಹನುಮಂತ, ಮೂಲೆಯಲ್ಲಿ ಚಾನೆಲ್ಲಿನ ಗುರುತು. ಚಿತ್ರ ಮಸುಕು, ದನಿ ಮಾತ್ರ ಸ್ಪಷ್ಟ. ಅಮರೀಶ್ ಪುರಿ ಗುಡುಗಿದಾಗ ಹುಡುಗರು ಎದ್ದು ಕೂತು ಆ ದನಿಯನ್ನು ಬೇರೆ ಮಾಡಿ ಪೆನ್‌ಡ್ರೈವಿಗೆ ಇಳಿಸಿಕೊಂಡರು.

ಅವರಲ್ಲೊಬ್ಬ ಕೇಳಿದ, ಅಜ್ಜಿ ಹೇಳಿದ್ದನ್ನು ಆವತ್ತು ಯಾರಾದರೂ ಟೇಪ್ ಮಾಡಿದ್ದರಾ ಅಂತ. ಇಲ್ಲ. ಅಜ್ಜಿ ಹೋಗಿ ಒಂಬತ್ತು ವರ್ಷ ಆಯಿತು.

ಈ ಸಿನಿಮಾದ ಮೊದಲನೇ ಸೀಡಿ ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಇದ್ದರೆ ದಯವಿಟ್ಟು ಬಿಸಾಕಬೇಡಿ. ನಮಗೆ ಒಂದು ಮಾತು ತಿಳಿಸಿ, ನಾನೇ ಬಂದು ನೋಡುತ್ತೇನೆ.